ಅದೇ ಸಂಕಟದಲ್ಲಿರುವ ಓದುಗರು

ವರದಿಗಾರ: ಮೇಡಂ, ನನ್ನ ಕಾಪಿ ಮುಖಪುಟದ ಲೀಡ್ ಅಂತ ಸಂಜೆ ಮೀಟಿಂಗ್‌ನಲ್ಲಿ ಹೇಳಿದ್ರು. ಈಗ ನೋಡಿದ್ರೆ ಮೂರನೇ ಪುಟಕ್ಕೆ ಹೋಗಿದೆ. ಫೋಟೊ ಇಲ್ಲ, ಆ ಪತ್ರ ಇಲ್ಲ, ಎರಡನೇ ಪ್ಯಾರಾ ಪೂರ್ತಿ ಇಲ್ಲ.

ಸಂಪಾದಕಿ: ತೆಗೆದದ್ದು ನಾನೇ. ಕೂತ್ಕೋ, ಪುಟ ಬಿಡೋಕೆ ಇನ್ನೂ ಸಮಯ ಇದೆ. ನಿನ್ನ ಕೆಲಸ ಸಣ್ಣದು ಅಂತ ತೆಗೆದದ್ದಲ್ಲ. ಆ ಹೆಣ್ಣುಮಗಳು ಮೂರು ಕಡೆ ಸಂಘದ ಸಾಲ ತಗೊಂಡದ್ದು, ಒಂದರ ಕಂತು ಕಟ್ಟೋಕೆ ಇನ್ನೊಂದರಲ್ಲಿ ಎತ್ತಿದ್ದು, ವಸೂಲಿಗೆ ಬಂದವರು ಬೆಳಗ್ಗೆಯಿಂದ ಜಗಲಿ ಮೇಲೆ ಕೂತು ಅಕ್ಕಪಕ್ಕದವರ ಎದುರು ಮಾತಾಡಿದ್ದು, ಇದನ್ನೆಲ್ಲ ನಿನ್ನಷ್ಟು ವಿವರವಾಗಿ ಈ ಜಿಲ್ಲೆಯಲ್ಲಿ ಬೇರೆ ಯಾರೂ ಬರೆದಿಲ್ಲ. ಅದರಲ್ಲಿ ಒಂದಕ್ಷರ ಮುಟ್ಟಿಲ್ಲ, ನೋಡ್ಕೋ.

ವರದಿಗಾರ: ಆದ್ರೆ ಆಕೆ ಹೇಗೆ ತೀರಿಕೊಂಡ್ರು ಅನ್ನೋದೇ ಇಲ್ವಲ್ಲ. ಅದು ಎಫ್‌ಐಆರ್‌ನಲ್ಲಿದೆ. ಪೊಲೀಸ್ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಮಧ್ಯಾಹ್ನವೇ ಬಂದಿದೆ. ಟಿವಿಯಲ್ಲಿ ಆಗಿನಿಂದ ಓಡ್ತಾ ಇದೆ. ನಾನೇನೂ ಕಟ್ಟಿ ಬರೆದದ್ದಲ್ಲ.

ಸಂಪಾದಕಿ: ನೀನು ಸುಳ್ಳು ಬರೆದೆ ಅಂತ ನಾನು ಹೇಳ್ತಾ ಇಲ್ಲ. ಪೊಲೀಸರಿಗೆ ಆ ವಿವರ ಬೇಕು. ಅಸಹಜ ಸಾವು ಅಂದ ಮೇಲೆ ಶವ ಹೇಗಿತ್ತು, ಎಲ್ಲಿತ್ತು ಅಂತ ಬರೆದುಕೊಳ್ಳೋದು ಕಾನೂನು ಅವರಿಗೆ ವಹಿಸಿದ ಕೆಲಸ. ಆ ಕಡತ ಓದೋರು ತನಿಖಾಧಿಕಾರಿ, ಮರಣೋತ್ತರ ಪರೀಕ್ಷೆ ಮಾಡೋ ಡಾಕ್ಟರು, ಆಮೇಲೆ ನ್ಯಾಯಾಧೀಶರು. ನಮ್ಮ ಪತ್ರಿಕೆ ಓದೋರು ಯಾರು? ನಿನ್ನ ಕಾಪಿಯ ಕೊನೆಯ ಪ್ಯಾರಾ ನೀನೇ ಓದು. ಅದೇ ಬೀದಿಯಲ್ಲಿ ಅದೇ ಸಂಘಗಳಿಂದ ಸಾಲ ಎತ್ತಿದ ಹೆಂಗಸರು ಇನ್ನೂ ಹತ್ತು ಜನ ಇದ್ದಾರೆ ಅಂತ ಬರೆದಿದ್ದೀಯ. ಅವರಲ್ಲಿ ಯಾರಿಗೋ ನಾಳೆಯೇ ಕಂತಿನ ದಿನ ಇರಬಹುದು. ನಿನ್ನ ಸುದ್ದಿಯನ್ನ ಮೊದಲು ಓದೋರು ಅವರೇ. ಅವರ ಕೈಗೆ ಎರಡನೇ ಪ್ಯಾರಾ ಕೊಡೋಕೆ ನನಗೆ ಧೈರ್ಯ ಇಲ್ಲ.

ವರದಿಗಾರ: ಪೇಪರ್ ಓದಿ ಯಾರಾದ್ರೂ ಹಾಗೆ ಮಾಡ್ಕೊಳ್ತಾರಾ ಮೇಡಂ? ಅಷ್ಟು ಕಷ್ಟ ಇದ್ದವರಿಗೆ ನಮ್ಮ ಸುದ್ದಿ ಬೇಕಾ?

ಸಂಪಾದಕಿ: ಸುದ್ದಿ ಒಂದೇ ಕಾರಣ ಆಗಲ್ಲ, ನಿಜ. ಆದ್ರೆ ಸುದ್ದಿ ನೋಡಿ ಜನ ಏನೂ ಮಾಡಲ್ಲ ಅನ್ನೋದನ್ನ ಕರ್ನಾಟಕದಲ್ಲಿ ಕೂತು ನಾವು ಹೇಳೋಕಾಗಲ್ಲ. 2021ರ ಅಕ್ಟೋಬರ್ 29 ನೆನಪಿದೆಯಾ? ಪುನೀತ್ ರಾಜ್‌ಕುಮಾರ್ ಹೋದ ದಿನ. ಅವರ ಕಣ್ಣು ದಾನ ಮಾಡಿದ ಸುದ್ದಿ ಬಂತು, ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಬರೆದೆವು. ಆಮೇಲೆ ನೇತ್ರದಾನಕ್ಕೆ ಹೆಸರು ಕೊಡೋಕೆ ಜನ ಎಷ್ಟು ಮುಗಿಬಿದ್ರು ಅಂದ್ರೆ, ನಾರಾಯಣ ನೇತ್ರಾಲಯದವರೇ ಬೆರಗಾದ್ರು. ಅದೇ ವಾರ ಕೆಲವು ಅಭಿಮಾನಿಗಳು ಪ್ರಾಣ ಕಳ್ಕೊಂಡ ಸುದ್ದಿಗಳೂ ಒಂದಾದ ಮೇಲೆ ಒಂದು ಬಂದವು. ಅದನ್ನ ಅಭಿಮಾನದ ಪರಾಕಾಷ್ಠೆ ಅನ್ನೋ ಹಾಗೆ ಹಾಕಿದವರೂ ಇದ್ರು. ಕೊನೆಗೆ, ಹಾಗೆ ಮಾಡ್ಕೋಬೇಡಿ ಅಂತ ದುಃಖದಲ್ಲಿದ್ದ ಆ ಮನೆಯವರೇ ಕೈಮುಗಿದು ಕೇಳಿಕೊಳ್ಳೋ ಹಾಗಾಯ್ತು. ಒಂದೇ ಸಾವು, ಒಂದೇ ಜನ, ಅದೇ ಪತ್ರಿಕೆ, ಅದೇ ಟಿವಿ. ಕಣ್ಣು ಕೊಡೋ ದಾರಿ ತೋರಿಸಿದಾಗ ಜನ ಅತ್ತ ನಡೆದರು. ಹಾಗಿದ್ರೆ ಇನ್ನೊಂದು ದಾರಿ ತೋರಿಸಿದಾಗ ಯಾರೂ ನಡೆಯಲ್ಲ ಅಂತ ಯಾವ ಬಾಯಲ್ಲಿ ಹೇಳೋಣ?

ವರದಿಗಾರ: ಅದು ಸಿನಿಮಾ ನಟರ ವಿಷಯ. ಅಲ್ಲಿ ಭಾವನೆ ಬೇರೆ.

ಸಂಪಾದಕಿ: ಹೆಸರಾಂತವರದ್ದಾದ್ರೆ ಪರಿಣಾಮ ಹೆಚ್ಚು, ಹೌದು. ಆದ್ರೆ ಅವರಿಗಷ್ಟೇ ಸೀಮಿತ ಅಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾದ ಕಥೆ ಹೇಳ್ತೀನಿ. ಅಲ್ಲಿ ಸುರಂಗ ರೈಲು ಶುರುವಾದದ್ದು 1978ರಲ್ಲಿ. ಮೊದಮೊದಲು ರೈಲು ಹಳಿಯ ಮೇಲಿನ ಸಾವು ಅಪರೂಪವಾಗಿತ್ತು. ಎಂಬತ್ತರ ದಶಕದ ಮಧ್ಯದಿಂದ ಏರ್ತಾ ಹೋಯ್ತು. ಆ ಹೊತ್ತಿಗೆ ಅಲ್ಲಿನ ಪತ್ರಿಕೆಗಳು ಪ್ರತಿಯೊಂದನ್ನೂ ದೊಡ್ಡ ಶೀರ್ಷಿಕೆ, ಫೋಟೊ, ನಿಲ್ದಾಣದ ಹೆಸರು ಸಮೇತ ಬಿಡಿಸಿ ಬಿಡಿಸಿ ಬರೀತಿದ್ದವು. ಆತ್ಮಹತ್ಯೆ ತಡೆಗೆ ಅಂತ ಇದ್ದ ಅಲ್ಲಿನ ಸಂಘದವರು ಕೂತು ಒಂದು ಸೂಚಿ ಬರೆದು, 1987ರ ಜೂನ್‌ನಲ್ಲಿ ಪತ್ರಕರ್ತರ ಮುಂದೆ ಇಟ್ಟರು. ಕಾನೂನಲ್ಲ, ಸರ್ಕಾರದ ಆದೇಶ ಅಲ್ಲ, ಬರೀ ವಿನಂತಿ. ಪತ್ರಿಕೆಗಳು ಒಪ್ಪಿದವು. ಕೆಲವು ಒಳಪುಟದಲ್ಲಿ ನಾಲ್ಕು ಸಾಲು ಹಾಕಿದವು, ಕೆಲವು ಹಾಕೋದನ್ನೇ ಬಿಟ್ಟವು. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದ್ರೆ ಕೊನೆಯ ಆರು ತಿಂಗಳಲ್ಲಿ ಆ ರೈಲಿನ ಆತ್ಮಹತ್ಯೆ ಮತ್ತು ಯತ್ನ ಶೇ 80ಕ್ಕಿಂತ ಹೆಚ್ಚು ಇಳಿಯಿತು. ಮುಂದೆ ಎಷ್ಟೋ ವರ್ಷ ಆ ಕೆಳಮಟ್ಟದಲ್ಲೇ ಉಳಿಯಿತು.

ವರದಿಗಾರ: ಅಲ್ಲಿ ಆಗದವರು ಬೇರೆ ಕಡೆ, ಬೇರೆ ಥರ ಮಾಡಿಕೊಂಡಿರಬಹುದಲ್ಲ?

ಸಂಪಾದಕಿ: ಈ ಪ್ರಶ್ನೆಯನ್ನ ಅವರೂ ಕೇಳಿಕೊಂಡರು. ಇಪ್ಪತ್ತು ವರ್ಷ ಆದ ಮೇಲೆ, 2007ರಲ್ಲಿ, ಇಡೀ ಆಸ್ಟ್ರಿಯಾದ ಅಂಕಿಗಳನ್ನ ಇಟ್ಟುಕೊಂಡು ಇಬ್ಬರು ಸಂಶೋಧಕರು ಲೆಕ್ಕ ತೆಗೆದರು. ಸೂಚಿ ಬಂದ ಮೇಲೆ ದೇಶದಲ್ಲಿ ವರ್ಷಕ್ಕೆ 80ರಷ್ಟು ಆತ್ಮಹತ್ಯೆ ಕಡಿಮೆಯಾದದ್ದು ಕಂಡಿತು. ಸೂಚಿ ಪಾಲಿಸಿದ ಪತ್ರಿಕೆಗಳ ಪ್ರಸಾರ ಎಲ್ಲಿ ಜಾಸ್ತಿಯೋ ಅಲ್ಲಿ ಇಳಿಕೆಯೂ ಜಾಸ್ತಿ. ಇದನ್ನ ನೆನೆದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತೆ ಕಣಪ್ಪ. ಔಷಧ ಕೊಡದೆ, ಆಸ್ಪತ್ರೆ ಕಟ್ಟದೆ, ಪುಟ ಕಟ್ಟೋ ಮೇಜಿನ ಮೇಲೆ ಒಂದಿಷ್ಟು ಸಾಲು ಅಳಿಸಿದ್ದರಿಂದ ಉಳಿದ ಜೀವಗಳು ಅವು. ಸಾಯಬೇಕು ಅನ್ನೋ ತೀವ್ರತೆ ಹೆಚ್ಚಿನವರಲ್ಲಿ ಸದಾ ಒಂದೇ ಮಟ್ಟದಲ್ಲಿ ಇರಲ್ಲ, ಬರುತ್ತೆ, ಹೋಗುತ್ತೆ. ಒಂದು ಮನಸ್ಸು ಸಾಕು ಅನ್ನುತ್ತೆ, ಇನ್ನೊಂದು ಇನ್ನೂ ಬದುಕೋಕೆ ಹವಣಿಸ್ತಿರುತ್ತೆ. ಯತ್ನಿಸಿ ಉಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯಲ್ಲ. ಆ ತೊಳಲಾಟದ ಹೊತ್ತಲ್ಲಿ ಕಣ್ಣಿಗೆ ಏನು ಬೀಳುತ್ತೆ ಅನ್ನೋದು ಮುಖ್ಯ ಆಗೋದು ಅದಕ್ಕೇ.

ವರದಿಗಾರ: ನಮ್ಮ ಬೆಂಗಳೂರು ಮೆಟ್ರೊದಲ್ಲಿ ಏನಾದ್ರೂ ಆದ್ರೆ ಐದು ನಿಮಿಷಕ್ಕೆ ಮೊಬೈಲ್ ವಿಡಿಯೊ ಬರುತ್ತೆ. ಆ ಕಾಲದ ವಿಯೆನ್ನಾದಲ್ಲಿ ಮೊಬೈಲ್ ಇರಲಿಲ್ಲ.

ಸಂಪಾದಕಿ: ಇರಲಿಲ್ಲ, ಒಪ್ತೀನಿ. ನಮ್ಮ ಕೈ ಮೀರಿದ್ದು ಈಗ ಬಹಳ ಇದೆ. ಆದ್ರೆ ಮೆಟ್ರೊ ನಿಂತಾಗ ಪ್ರಯಾಣಿಕರಿಗೆ ಬೇಕಾದ ಸುದ್ದಿ ಯಾವುದು? ಯಾವ ಮಾರ್ಗದಲ್ಲಿ ಎಷ್ಟು ಹೊತ್ತು ಸಂಚಾರ ಇಲ್ಲ ಅನ್ನೋದು. ಬಿಎಂಆರ್‌ಸಿಎಲ್‌ನವರನ್ನ ಕೇಳಬೇಕಾದ್ದು, ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಬಾಗಿಲು ಎಲ್ಲ ನಿಲ್ದಾಣಕ್ಕೂ ಯಾವಾಗ ಹಾಕ್ತೀರಿ ಅನ್ನೋದು. ಈ ಎರಡು ಸುದ್ದಿಗೂ ಸಿಸಿಟಿವಿ ತುಣುಕು ಬೇಕಿಲ್ಲ.

ಕರಾವಳಿಯಲ್ಲಿ ಒಂದು ಸೇತುವೆ ಇದೆ. 2019ರಲ್ಲಿ ಒಬ್ಬರ ಸಾವಿನ ಸುದ್ದಿಗಾಗಿ ಇಡೀ ದೇಶದ ಕ್ಯಾಮೆರಾ ಅಲ್ಲಿ ನಿಂತಿದ್ದವು. ಯಾವ ಸೇತುವೆ ಅಂತ ನಿನಗೆ ಗೊತ್ತು, ನಾನು ಹೆಸರು ಹೇಳಲ್ಲ. ದಿನಗಟ್ಟಲೆ ಅದೇ ದೃಶ್ಯ, ಅದೇ ಕಟಕಟೆ, ಎಲ್ಲಿ ಕಾರು ನಿಂತಿತ್ತು, ಎಷ್ಟು ದೂರ ನಡೆದರು ಅನ್ನೋ ನಕ್ಷೆ. ಆಮೇಲೆ ಅದೇ ಸೇತುವೆಯಿಂದ ಸಾವಿನ ಸುದ್ದಿ ಮತ್ತೆ ಮತ್ತೆ ಬಂತು. ಕೊನೆಗೆ ಎರಡೂ ಬದಿಗೆ ಎತ್ತರದ ಬೇಲಿ, ಕ್ಯಾಮೆರಾ ಹಾಕಬೇಕಾಯಿತು. ಎಲ್ಲದಕ್ಕೂ ನಮ್ಮ ವರದಿಯೇ ಕಾರಣ ಅಂತ ಯಾರೂ ರುಜುವಾತು ಮಾಡೋಕಾಗಲ್ಲ. ಆದ್ರೆ ಆ ಜಾಗಕ್ಕೆ ಅಂಥ ಹೆಸರು ತಂದುಕೊಟ್ಟವರಲ್ಲಿ ನಾವೂ ಇದ್ದೆವು.

ವರದಿಗಾರ: ಸರಿ. ಇದನ್ನ ಒಪ್ಪಿದ್ರೂ ನನ್ನದೊಂದು ಮಾತಿದೆ, ಇದಕ್ಕೆ ಉತ್ತರ ಹೇಳಿ. 2025ರ ಜನವರಿಯಲ್ಲಿ ಮೈಕ್ರೊಫೈನಾನ್ಸ್ ಕಿರುಕುಳದ ಬಗ್ಗೆ ನಾವೆಲ್ಲ ದಿನಾ ಬರೆದೆವು. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ರಾಮನಗರದಲ್ಲಿ, ಮಂಡ್ಯದಲ್ಲಿ ಜೀವ ಕಳ್ಕೊಂಡವರು. ಬರೆದು ಬರೆದು ಒತ್ತಡ ಬಿದ್ದ ಮೇಲೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದದ್ದು. ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿದ್ರು, ಆಮೇಲೆ ಅಂಕಿತ ಹಾಕಿದ್ರು. ನಾವು ಆಗ ಮೂರನೇ ಪುಟದಲ್ಲಿ ನಾಲ್ಕು ಸಾಲು ಹಾಕಿ ಕೂತಿದ್ರೆ ಆ ಕಾನೂನು ಬರ್ತಿತ್ತಾ? 2015ರಲ್ಲಿ ಕಬ್ಬು ಬೆಳೆಗಾರರು ಸಾಲುಸಾಲಾಗಿ ಹೋದಾಗ ಸುಮ್ಮನಿದ್ದಿದ್ರೆ ಸರ್ಕಾರ ತಿರುಗಿ ನೋಡ್ತಿತ್ತಾ? ಬಡವರ ಸಾವು ಮುಖಪುಟಕ್ಕೆ ಬರೋದೇ ಅಪರೂಪ. ಅದನ್ನೂ ಒಳಗೆ ತಳ್ಳಿಬಿಟ್ರೆ ಸಾಲ ಕೊಟ್ಟವರಿಗೆ, ಅಧಿಕಾರಿಗಳಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಸಂಪಾದಕಿ: ನೀನು ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ತಳ್ಳಿಹಾಕಲ್ಲ. ಜವಾಬ್ದಾರಿ ಅನ್ನೋ ಹೆಸರಲ್ಲಿ ಮೌನವಾಗಿರೋದು ತಪ್ಪು. ರೈತರ ಸಾವನ್ನ, ಸಾಲಗಾರ ಹೆಂಗಸರ ಸಾವನ್ನ, ಹಾಸ್ಟೆಲಿನಲ್ಲಿ ಜಾತಿಯ ಅವಮಾನ ಉಂಡ ಹುಡುಗರ ಸಾವನ್ನ ಮುಚ್ಚಿಡೋ ಪತ್ರಿಕೆ ನನಗೂ ಬೇಡ. ಆದ್ರೆ ಆ ಜನವರಿಯ ಸುದ್ದಿಗಳನ್ನ ತೆಗೆದು ನೋಡು. ವಿಧಾನಸೌಧವನ್ನ ಅಲುಗಾಡಿಸಿದ್ದು ಯಾವ ಸಾಲುಗಳು? ಬೀಗ ಹಾಕಿದ ಮನೆಗಳ ಸಾಲು. ಬಡ್ಡಿ ಎಷ್ಟು, ವಾರಕ್ಕೆ ಎಷ್ಟು ಕಂತು, ವಸೂಲಿಯವರು ಎಷ್ಟು ಹೊತ್ತಿಗೆ ಬರ್ತಾರೆ, ಗೋಡೆ ಮೇಲೆ ಏನು ಬರೀತಾರೆ, ಠಾಣೆಯಲ್ಲಿ ದೂರು ಯಾಕೆ ತಗೊಳ್ಳಲ್ಲ ಅನ್ನೋ ವಿವರ. ಕಾನೂನಿನಲ್ಲಿ ಬಲವಂತದ ವಸೂಲಿಗೆ ಶಿಕ್ಷೆ ಅಂತ ಬಂತು, ದೂರು ಕೊಟ್ಟರೆ ಪೊಲೀಸರು ದಾಖಲಿಸಿಕೊಳ್ಳಲೇಬೇಕು ಅಂತ ಬಂತು. ಇದೆಲ್ಲ ಹುಟ್ಟಿದ್ದು ಬದುಕಿರೋರ ಮೇಲೆ ನಡೆದ ದಬ್ಬಾಳಿಕೆಯ ವರದಿಯಿಂದ. ಸತ್ತವರು ಸತ್ತದ್ದು ಹೇಗೆ ಅನ್ನೋ ಪ್ಯಾರಾದಿಂದ ಒಂದು ಕಲಮೂ ಹುಟ್ಟಿಲ್ಲ. ಕಿರುಕುಳವನ್ನ ಎಷ್ಟು ಬೇಕಾದ್ರೂ ಬರಿ, ಸಾವನ್ನ ಎಷ್ಟು ಬೇಕೋ ಅಷ್ಟೇ ಬರಿ. ನಾಳೆ ನೀನು ಆ ಹತ್ತು ಹೆಂಗಸರ ಮನೆಗೆ ಹೋಗಿ ಸಾಲದ ಕಾರ್ಡು, ಕಂತಿನ ಚೀಟಿ ತಂದುಕೊಡು, ಮುಖಪುಟದಲ್ಲಿ ಎಂಟು ಕಾಲಂ ಕೊಡಿಸ್ತೀನಿ.

ವರದಿಗಾರ: ಆ ಪತ್ರದ ವಿಷಯ ಹೇಳಿ. ಅದನ್ನ ನಾನು ಕದ್ದು ತಂದದ್ದಲ್ಲ. ಆಕೆಯ ಅಣ್ಣನೇ ಮೊಬೈಲಲ್ಲಿ ತೋರಿಸಿ, ಇದನ್ನ ಹಾಕಿ ಸಾರ್, ಇಲ್ಲದಿದ್ರೆ ಕೇಸು ಮುಚ್ಚಿಹಾಕ್ತಾರೆ ಅಂತ ಕಳಿಸಿದ್ದು. ಅವರ ಭಯ ಸುಳ್ಳಲ್ಲ ಮೇಡಂ. ಎಷ್ಟು ಕೇಸಲ್ಲಿ ಹಾಗೆ ಆಗಿದೆ.

ಸಂಪಾದಕಿ: ನಿಜ. ಇದು ನನಗೂ ಕಷ್ಟದ ಜಾಗ. ಅಣ್ಣನ ಕೋರಿಕೆಯನ್ನ ಬೇಡ ಅಂತ ತಳ್ಳೋದು ಸುಲಭ ಅಲ್ಲ. ಸಾಯಂಕಾಲದಿಂದ ಅದನ್ನೇ ಯೋಚಿಸ್ತಾ ಇದ್ದೀನಿ. ನಾನು ಉಳಿಸಿರೋ ಸಾಲು ನೋಡು: ಸಾಲ ವಸೂಲಿಗಾರರ ಕಿರುಕುಳ ಆರೋಪಿಸಿ ಆಕೆ ಬರೆದಿಟ್ಟ ಪತ್ರ ಪೊಲೀಸರ ವಶದಲ್ಲಿದೆ, ಅದರ ಮೇಲೆ ಪ್ರಕರಣ ದಾಖಲಿಸಬೇಕು ಅಂತ ಕುಟುಂಬ ಒತ್ತಾಯಿಸಿದೆ. ಪತ್ರ ಇದೆ ಅನ್ನೋದು ಈಗ ಊರಿಗೆಲ್ಲ ಗೊತ್ತಾಯ್ತು, ಇನ್ನು ಅದನ್ನ ಯಾರೂ ಮಾಯ ಮಾಡೋಕಾಗಲ್ಲ. ಅಣ್ಣನಿಗೆ ಬೇಕಾದ್ದು ಅದು. ಆದ್ರೆ ಪತ್ರದ ಅಕ್ಷರಗಳನ್ನೇ ಫೋಟೊ ತೆಗೆದು ಅಚ್ಚು ಹಾಕಿದ್ರೆ ಆಕೆಯ ಕೊನೆಯ ಮಾತು ಅದೇ ಸ್ಥಿತಿಯಲ್ಲಿರೋ ಇನ್ನೊಬ್ಬರ ಕಿವಿಯಲ್ಲಿ ಹೇಳಿದ ಹಾಗೆ ಆಗುತ್ತೆ. ನಾನು ಸತ್ತರೆ ಎಲ್ಲ ಸರಿಹೋಗುತ್ತೆ ಅಂತ ಅದರಲ್ಲಿ ಒಂದು ವಾಕ್ಯ ಇದೆಯಲ್ಲ, ಅದನ್ನ ಮೂರು ಕಾಲಂ ಅಗಲಕ್ಕೆ ಹಾಕಿದ್ರೆ ಪತ್ರಿಕೆಯೂ ಹೌದು ಅಂದ ಹಾಗೆ.

ವರದಿಗಾರ: ಫೋಟೊ?

ಸಂಪಾದಕಿ: ಆ ಫೋಟೊ ನೀನು ಎಲ್ಲಿಂದ ತೆಗೆದದ್ದು?

ವರದಿಗಾರ: ಆಧಾರ್ ಕಾರ್ಡಿನದ್ದು ಚೆನ್ನಾಗಿರಲಿಲ್ಲ. ಗೋಡೆಯಲ್ಲಿ ಒಂದು ಫ್ರೇಮ್ ಇತ್ತು, ಮಗಳ ನಾಮಕರಣದ್ದೋ ಏನೋ. ಅದರಿಂದ ಮಗುವನ್ನ ಬಿಟ್ಟು ಇವರಷ್ಟನ್ನೇ ಕ್ರಾಪ್ ಮಾಡಿದೆ.

ಸಂಪಾದಕಿ: ಆ ಮಗು ಈಗ ಎಷ್ಟನೇ ಕ್ಲಾಸು?

ವರದಿಗಾರ: ಏಳನೇ ಕ್ಲಾಸು. ನಾನು ಹೋದಾಗ ಪಕ್ಕದ ಮನೆಯವರು ಕರ್ಕೊಂಡು ಹೋಗಿದ್ರು. ಬಾಗಿಲ ಹತ್ರ ಅವಳ ಸ್ಕೂಲ್ ಬ್ಯಾಗು ಹಾಗೇ ಇತ್ತು.

ಸಂಪಾದಕಿ: ಹದಿನೈದು ದಿನಕ್ಕೋ ತಿಂಗಳಿಗೋ ಅವಳು ಶಾಲೆಗೆ ಹೋಗ್ತಾಳೆ. ಅಲ್ಲಿ ನಮ್ಮ ಪತ್ರಿಕೆಯನ್ನ ಮಕ್ಕಳಿಗೆ ಓದೋಕೆ ಅಂತ ಹಾಕಿಸ್ಕೊಳ್ತಾರೆ, ನಿನಗೆ ಗೊತ್ತಿದೆ. ಅವಳ ತಾಯಿ ಹೇಗೆ ಹೋದರು ಅಂತ ಅವಳಿಗೆ ಯಾರು, ಯಾವಾಗ, ಹೇಗೆ ಹೇಳಬೇಕು ಅನ್ನೋದು ಆ ಮನೆಯವರು ನಿಧಾನಕ್ಕೆ ತೀರ್ಮಾನಿಸಬೇಕಾದ ಮಾತು. ನಾವು ಅದನ್ನ ಅವಳ ಸಹಪಾಠಿಗಳ ಕೈಗೆ ಕೊಡಬಾರದು. 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ವಿಶ್ವ ಆರೋಗ್ಯ ಸಂಸ್ಥೆಯ ಸೂಚಿಗಳನ್ನ ಇಟ್ಟುಕೊಂಡು ನಮಗೂ ಮಾರ್ಗಸೂಚಿ ಕೊಟ್ಟಿತು. ಫೋಟೊ ಬೇಡ, ವಿಡಿಯೊ ಬೇಡ, ವಿಧಾನ ಬೇಡ, ಜಾಗದ ವಿವರ ಬೇಡ, ಸುದ್ದಿಯನ್ನ ಎದ್ದು ಕಾಣೋ ಹಾಗೆ ಇಟ್ಟು ಮತ್ತೆ ಮತ್ತೆ ಹಾಕೋದು ಬೇಡ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಯಾವ ಪ್ರೆಸ್ ಕ್ಲಬ್ಬಿನಲ್ಲೂ ಅದನ್ನ ಗೋಡೆಗೆ ಅಂಟಿಸಿದ್ದು ನಾನು ಕಂಡಿಲ್ಲ. ಅಂಟಿಸಬೇಕಾಗಿತ್ತು.

ವರದಿಗಾರ: ಟಿವಿಯವರಿಗೆ ಅದು ಅನ್ವಯಿಸಲ್ವಲ್ಲ.

ಸಂಪಾದಕಿ: 2020ರ ಜೂನ್‌ನಲ್ಲಿ ಸುಶಾಂತ್ ಸಿಂಗ್ ರಜಪೂತ್ ಹೋದ ಮೇಲೆ ಕೆಲವು ಚಾನೆಲ್‌ಗಳು ಮಾಡಿದ್ದನ್ನ ನೋಡಿ ಬಾಂಬೆ ಹೈಕೋರ್ಟ್‌ಗೆ ಅರ್ಜಿಗಳು ಹೋದವು. 2021ರ ಜನವರಿಯಲ್ಲಿ ತೀರ್ಪು ಬಂತು. ಸತ್ತವರನ್ನ ದುರ್ಬಲ ವ್ಯಕ್ತಿತ್ವದವರು ಅಂತ ಬಿಂಬಿಸಬೇಡಿ, ಅವರ ಖಾಸಗಿತನಕ್ಕೆ ಕೈಹಾಕಬೇಡಿ ಅಂತ ಕೋರ್ಟು ಹೇಳಿತು, ಪತ್ರಿಕಾ ಮಂಡಳಿಯ ಸೂಚಿಯನ್ನ ಟಿವಿಯವರೂ ಪಾಲಿಸಲಿ ಅಂತಲೂ ಹೇಳಿತು. ಪಾಲಿಸ್ತಾರೋ ಬಿಡ್ತಾರೋ, ಅವರು ತೋರಿಸಿದ್ರು ಅನ್ನೋದು ನಮಗೆ ಪರವಾನಗಿ ಅಲ್ಲ.

ವರದಿಗಾರ: ಶೀರ್ಷಿಕೆ ಬದಲಾಯಿಸಿದ್ದೂ ಅದಕ್ಕೇನಾ? 'ಸಾಲಬಾಧೆ ತಾಳದೆ ಮಹಿಳೆ ಆತ್ಮಹತ್ಯೆಗೆ ಶರಣು' ಅಂತ ಕೊಟ್ಟಿದ್ದೆ.

ಸಂಪಾದಕಿ: ಹೌದು. 'ಸಾಲ ವಸೂಲಿ ಕಿರುಕುಳ: ಮಹಿಳೆ ಸಾವು, ಪ್ರಕರಣ ದಾಖಲಿಸಲು ಕುಟುಂಬದ ಒತ್ತಾಯ' ಅಂತ ಮಾಡಿದ್ದೀನಿ. ಉದ್ದ ಆಯ್ತು, ಆಗಲಿ. ನಮ್ಮಲ್ಲಿ ಕೆಲವು ಸಾಲುಗಳು ಅಚ್ಚಿನ ಮೊಳೆ ಜೋಡಿಸ್ತಿದ್ದ ಕಾಲದಿಂದ ಹಾಗೇ ಬಂದುಬಿಟ್ಟಿವೆ. ಜೀವನದಲ್ಲಿ ಜಿಗುಪ್ಸೆಗೊಂಡು. ಹೊಟ್ಟೆನೋವು ತಾಳಲಾರದೆ. ಪರೀಕ್ಷೆಯಲ್ಲಿ ಫೇಲಾದ್ದಕ್ಕೆ. ಠಾಣೆಯಲ್ಲಿ ಬರೆಸಿದ ದೂರಿನಲ್ಲಿ ಹಾಗಿರುತ್ತೆ, ಸ್ಟ್ರಿಂಗರ್ ಹಾಗೇ ಕಳಿಸ್ತಾರೆ, ನಾವು ಹಾಗೇ ಹಾಕ್ತೀವಿ. ಇನ್ನು ಸಾವಿನಲ್ಲೂ ಒಂದಾದ ಪ್ರೇಮಿಗಳು ಅನ್ನೋ ಶೀರ್ಷಿಕೆ. ಮನೆಯವರ ವಿರೋಧಕ್ಕೆ ಹೆದರಿ ಕೂತಿರೋ ಹತ್ತೊಂಬತ್ತರ ಹುಡುಗಿಗೆ ಆ ಶೀರ್ಷಿಕೆ ಏನು ಹೇಳಿಕೊಡುತ್ತೆ? ಮದುವೆ ಆಗೋಕೆ ಕಾನೂನಿನಲ್ಲಿ ದಾರಿ ಇದೆ, ಪೊಲೀಸ್ ರಕ್ಷಣೆ ಕೇಳಬಹುದು ಅನ್ನೋ ಒಂದು ಸಾಲನ್ನ ಆ ಸುದ್ದಿಯ ಕೆಳಗೆ ಹಾಕಿದ್ದನ್ನ ನಾನು ನೋಡಿಲ್ಲ.

ವರದಿಗಾರ: ಆದ್ರೆ ಕಾರಣ ಹೇಳದೆ ಇರೋಕೆ ಆಗುತ್ತಾ? ಜನ ಮೊದಲು ಕೇಳೋದೇ ಯಾಕೆ ಅಂತ.

ಸಂಪಾದಕಿ: ಕೇಳ್ತಾರೆ. ಆ ಹೊತ್ತಿಗೆ ನಮಗೆ ಗೊತ್ತಿರೋದು ಎಷ್ಟು ಅಂತ ಪ್ರಾಮಾಣಿಕವಾಗಿ ನೋಡ್ಕೋಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದ್ರೆ ಎನ್‌ಸಿಆರ್‌ಬಿಯ 2022ರ ಲೆಕ್ಕದಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆ. ನಮ್ಮ ರಾಜ್ಯದಲ್ಲಿ 13,606, ಅಂದ್ರೆ ದಿನಕ್ಕೆ 37ರಷ್ಟು. ಕಾರಣದ ಪಟ್ಟಿಯಲ್ಲಿ ಶೇ 31.7 ಕೌಟುಂಬಿಕ ಸಮಸ್ಯೆ, ಶೇ 18.4 ಅನಾರೋಗ್ಯ. ಅದು ಪೊಲೀಸರು ಒಂದೊಂದು ಸಾವಿಗೆ ಒಂದೊಂದು ಖಾನೆ ತುಂಬಿದ ಲೆಕ್ಕ. ಮನುಷ್ಯನ ಮನಸ್ಸು ಒಂದು ಖಾನೆಗೆ ಹಿಡಿಸಲ್ಲ. ಸಾಲ ಇತ್ತು, ಗಂಡನ ಕುಡಿತ ಇತ್ತು, ಆರು ತಿಂಗಳಿಂದ ನಿದ್ದೆ ಇರಲಿಲ್ಲ, ಖಿನ್ನತೆ ಇತ್ತು, ಅದನ್ನ ಯಾರೂ ಗುರುತಿಸಲಿಲ್ಲ, ಮೇಲಿಂದ ಅವತ್ತು ಬೆಳಗ್ಗೆ ಜಗಲಿಯಲ್ಲಿ ಮಾನ ಹೋಯ್ತು. ಫೇಲಾದ್ದಕ್ಕೆ ಸತ್ತ ಅಂತ ಒಂದೇ ಸಾಲಲ್ಲಿ ಮುಗಿಸಿದಾಗ, ಫೇಲಾದ್ರೆ ಸಾಯೋದು ಸಹಜ ಅಂತ ಬರೆದ ಹಾಗೇ ಆಯ್ತು.

ವರದಿಗಾರ: ರಿಸಲ್ಟ್ ದಿನ ಆ ಸುದ್ದಿಗಳು ಬಂದೇ ಬರ್ತವಲ್ಲ ಮೇಡಂ. ಬಿಡೋಕಾಗುತ್ತಾ?

ಸಂಪಾದಕಿ: ರಿಸಲ್ಟ್ ದಿನ ಸಂಜೆ ಎಷ್ಟು ಸಾವಿರ ಮನೆಯಲ್ಲಿ ಫೇಲಾದ ಮಗು ಕದ ಹಾಕ್ಕೊಂಡು ಕೂತಿರುತ್ತೆ ಯೋಚಿಸು. ಮಾರನೇ ಬೆಳಗ್ಗೆ ಆ ಮನೆಗೆ ಪತ್ರಿಕೆ ಹೋಗುತ್ತೆ. ಅದರಲ್ಲಿ ಒಂದು ಕಡೆ 625ಕ್ಕೆ 625 ತಗೊಂಡವರ ಬಾಯಿಗೆ ಸಿಹಿ ಹಾಕೋ ಫೋಟೊ, ಇನ್ನೊಂದು ಕಡೆ ಫೇಲಾದವರ ಸಾವು. ಈ ಎರಡು ಬಿಟ್ಟು ಬೇರೆ ದಾರಿಯೇ ಇಲ್ಲವೇನೋ ಅನ್ನೋ ಹಾಗೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಫೇಲಾದವರು ಅದೇ ವರ್ಷ ಪಾಸಾಗಿ ಕಾಲೇಜು ಸೇರಬಹುದು. ಎರಡನೇ ಪರೀಕ್ಷೆಗೆ ನೋಂದಣಿ ಕೊನೇ ದಿನ ಯಾವುದು, ಫೀಸು ಎಷ್ಟು, ಮರುಮೌಲ್ಯಮಾಪನಕ್ಕೆ ಯಾವ ಅರ್ಜಿ, ಇದನ್ನ ರಿಸಲ್ಟ್ ಮಾರನೇ ದಿನ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು ಅನ್ನೋದು ನನ್ನ ಹಟ. ತಮಿಳುನಾಡಿನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅಂತ ಮನೋವೈದ್ಯೆ, ಆತ್ಮಹತ್ಯೆ ತಡೆಗೆ ಅಂತ 1986ರಲ್ಲಿ ಚೆನ್ನೈನಲ್ಲಿ 'ಸ್ನೇಹಾ' ಸಂಸ್ಥೆ ಶುರು ಮಾಡಿದವರು. ಫೇಲಾದ ಮಕ್ಕಳಿಗೆ ಒಂದು ವರ್ಷ ಕಾಯಿಸದೆ ಕೂಡಲೇ ಪೂರಕ ಪರೀಕ್ಷೆ ಕೊಡಿ ಅಂತ ಸರ್ಕಾರದ ಬೆನ್ನು ಬಿದ್ದು ಮಾಡಿಸಿದರು. ಅದರಿಂದ ಮಕ್ಕಳ ಸಾವು ಕಡಿಮೆಯಾಯ್ತು ಅಂತ ಅವರು ಹೇಳ್ತಾ ಬಂದಿದ್ದಾರೆ. ಇಂಥ ಸುದ್ದಿ ನಮಗೆ ಬರೆಯೋಕೆ ಬರಲ್ವಾ? ಬರುತ್ತೆ.

ವರದಿಗಾರ: ಕೊನೆಯಲ್ಲಿ ಸಹಾಯವಾಣಿ ನಂಬರ್ ಹಾಕಿದ್ದೀರಿ. ಅದರಿಂದ ಏನಾದ್ರೂ ಆಗುತ್ತಾ, ಇಲ್ಲಾ ನಾವು ಹಾಕಿದ್ವಿ ಅಂತ ಸಮಾಧಾನಕ್ಕಾ?

ಸಂಪಾದಕಿ: ಒಂದು ನಂಬರಿನಿಂದ ಎಲ್ಲ ಆಗಲ್ಲ. ಆದ್ರೆ ಅದೂ ಇಲ್ಲದೆ ಇರೋದು ನಮ್ಮಲ್ಲಿ ರೂಢಿ. ತಮಿಳುನಾಡಿನ ಒಂಬತ್ತು ಪತ್ರಿಕೆಗಳ 2016ರ ಸುದ್ದಿಗಳನ್ನ ಒಂದು ಅಧ್ಯಯನ ತಂಡ ಜಾಲಾಡಿತು. ಸಹಾಯದ ವಿವರ ಇದ್ದ ಸುದ್ದಿ ನೂರಕ್ಕೆ ಮೂರೂ ಇರಲಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ನಂಬರ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ ಮಾತಾಡ್ತಾರೆ. ಅದಕ್ಕೆ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸೇ. ಆದ್ರೆ ನಂಬರಿಗಿಂತ ಮುಖ್ಯ ಆದದ್ದು ಇನ್ನೊಂದಿದೆ. ಆಸ್ಟ್ರಿಯಾದವರೇ 2010ರಲ್ಲಿ ಸುಮಾರು 500 ವರದಿಗಳನ್ನ ತೂಗಿ ನೋಡಿದಾಗ, ಸಾಯಬೇಕು ಅನ್ನಿಸಿಯೂ ಆ ಹೊತ್ತನ್ನ ದಾಟಿ ಬಂದವರ ಕಥೆ ಬಂದ ನಂತರದ ದಿನಗಳಲ್ಲಿ ಆತ್ಮಹತ್ಯೆ ಇಳಿದದ್ದು ಕಂಡಿತು. ಮೊಜಾರ್ಟ್‌ನ ಸಂಗೀತ ನಾಟಕದಲ್ಲಿ ಪಾಪಗೇನೊ ಅನ್ನೋನು ಪ್ರಾಣ ಬಿಡೋಕೆ ಹೊರಟಾಗ ಮೂರು ಹುಡುಗರು ಬಂದು, ನಿನ್ನ ಹತ್ರ ಆ ಗಂಟೆಗಳಿವೆಯಲ್ಲ ಅಂತ ನೆನಪಿಸ್ತಾರೆ, ಅವನು ಉಳೀತಾನೆ. ಆ ಪರಿಣಾಮಕ್ಕೆ ಅವನ ಹೆಸರನ್ನೇ ಇಟ್ಟರು. ನಮ್ಮಲ್ಲಿ ಅಂಥ ಸುದ್ದಿ ಎಲ್ಲಿದೆ? ಬದುಕುಳಿದವರ ಬಗ್ಗೆ ಬರೋದು ಒಂದೇ, ಯತ್ನಿಸಿದವರು ಆಸ್ಪತ್ರೆಗೆ ದಾಖಲು ಅಂತ, ಹೆಸರು, ಊರು, ಕೆಲವು ಸಲ ಜಾತಿ ಸಮೇತ. ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳ್ತು. 2024ರ ಜುಲೈಯಿಂದ ಬಂದ ನ್ಯಾಯ ಸಂಹಿತೆಯಲ್ಲಿ, ಯತ್ನವನ್ನ ಅಪರಾಧ ಅಂತಿದ್ದ ಹಳೆಯ 309ನೇ ಸೆಕ್ಷನ್ನೇ ಇಲ್ಲ. ಕಾನೂನು ಅವರನ್ನ ಬಿಟ್ಟಿತು, ನಮ್ಮ ಕಾಲಂ ಇನ್ನೂ ಬಿಟ್ಟಿಲ್ಲ.

ವರದಿಗಾರ: ಆ ಬೀದಿಯಲ್ಲೇ ಒಬ್ಬರಿದ್ದಾರೆ ಮೇಡಂ. ಎರಡು ವರ್ಷದ ಹಿಂದೆ ಇದೇ ಥರ ಸಾಲದಲ್ಲಿ ಸಿಕ್ಕಿಹಾಕ್ಕೊಂಡು ಊಟ ಬಿಟ್ಟು ಕೂತಿದ್ದರಂತೆ. ಆಶಾ ಕಾರ್ಯಕರ್ತೆ ಗೊತ್ತುಮಾಡಿ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮಾತ್ರೆ ಕೊಡಿಸಿದ್ರು, ಸಂಘದವರ ಜೊತೆ ಕೂತು ಕಂತು ಮುಂದಕ್ಕೆ ಹಾಕಿಸಿದ್ರು. ಈಗ ಟೈಲರಿಂಗ್ ಮಾಡ್ತಾರೆ. ಇವತ್ತು ಅವರೇ ಆ ಮನೆಯಲ್ಲಿ ಎಲ್ಲರಿಗೂ ಟೀ ಕಾಯಿಸಿ ಕೊಡ್ತಾ ಇದ್ರು. ನಾನು ಅದನ್ನ ಸುದ್ದಿ ಅಂತ ಬರ್ಕೊಳ್ಳಲೇ ಇಲ್ಲ.

ಸಂಪಾದಕಿ: ಅವರು ಒಪ್ಪಿದ್ರೆ ಮಾತಾಡಿಸು. ಹೆಸರು ಬೇಡ ಅಂದ್ರೆ ಹೆಸರು ಬೇಡ. ಅವತ್ತು ಏನು ಮಾಡೋಕೆ ಹೊರಟಿದ್ರಿ ಅಂತ ಕೇಳಬೇಡ. ಯಾರು ಬಂದ್ರು, ಏನು ಹೇಳಿದ್ರು, ಆಮೇಲಿನ ವಾರ ಹೇಗೆ ಕಳೀತು, ಅದನ್ನ ಕೇಳು. ಮಾತಾಡ್ತಾ ಅವರಿಗೆ ಕಷ್ಟ ಆಯ್ತು ಅನ್ನಿಸಿದ್ರೆ ಪುಸ್ತಕ ಮುಚ್ಚಿಡು, ಸುದ್ದಿ ಹೋದ್ರೆ ಹೋಗಲಿ. ನಿನಗೂ ಹೇಳ್ತೀನಿ, ಈ ತಿಂಗಳಲ್ಲಿ ಇಂಥ ಮನೆಗಳಿಗೆ ಎಷ್ಟು ಸಲ ಹೋಗಿ ಬಂದಿದ್ದೀಯ. ರಾತ್ರಿ ನಿದ್ದೆ ಬರ್ತಾ ಇಲ್ಲ ಅಂದ್ರೆ ನನ್ನ ಹತ್ರ ಹೇಳು, ಬೀಟ್ ಬದಲಾಯಿಸೋಣ ಸ್ವಲ್ಪ ದಿನ.

ವರದಿಗಾರ: ನಾನು ಚೆನ್ನಾಗಿದ್ದೀನಿ. ಆ ಬ್ಯಾಗು ಒಂದು ಕಣ್ಣಿಂದ ಹೋಗ್ತಿಲ್ಲ.

ಸಂಪಾದಕಿ: ಹೋಗಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗು, ಇವತ್ತು ಇನ್ನೇನೂ ಬರೀಬೇಡ.

ವರದಿಗಾರ: ಅಣ್ಣನಿಗೆ ಏನು ಹೇಳಲಿ? ಬೆಳಗ್ಗೆ ಪೇಪರ್ ನೋಡಿ ಫೋನ್ ಮಾಡ್ತಾರೆ.

ಸಂಪಾದಕಿ: ನೀನೇ ಮೊದಲು ಮಾಡು, ಏಳು ಗಂಟೆಗೆ ಮುಂಚೆ. ಪತ್ರ ಇದೆ ಅಂತ ಹಾಕಿದ್ದೀವಿ, ಪೂರ್ತಿ ಯಾಕೆ ಹಾಕಿಲ್ಲ ಅಂತ ಮಗುವಿನ ಹೆಸರು ಹೇಳಿ ತಿಳಿಸು. ಸಿಟ್ಟಾದ್ರೆ ಕೇಳಿಸ್ಕೋ, ವಾದ ಮಾಡಬೇಡ. ಆಮೇಲೆ ಠಾಣೆಗೆ ಹೋಗಿ ಎಫ್‌ಐಆರ್‌ನಲ್ಲಿ ಬಲವಂತದ ವಸೂಲಿ ವಿರುದ್ಧದ ಆ ಕಾಯ್ದೆಯ ಸೆಕ್ಷನ್ ಹಾಕಿದ್ದಾರೋ ಇಲ್ವೋ ನೋಡು. ಬರೀ ಅಸಹಜ ಸಾವು ಅಂತ ಬಿಟ್ಟಿದ್ರೆ ಅದೇ ನಾಡಿದ್ದಿನ ಲೀಡ್. ಡಿ.ಸಿ. ಕಚೇರಿಯಲ್ಲೂ ಕೇಳು, ಕಾಯ್ದೆ ಬಂದಾಗಿನಿಂದ ಜಿಲ್ಲೆಯಲ್ಲಿ ಎಷ್ಟು ದೂರು ಬಂದಿವೆ, ಎಷ್ಟರಲ್ಲಿ ಚಾರ್ಜ್‌ಶೀಟ್ ಹಾಕಿದ್ದಾರೆ ಅಂತ. ಲಿಖಿತವಾಗಿ ಕೇಳು, ಬಾಯಿಮಾತಲ್ಲಿ ಕೊಡಲ್ಲ.